ಡಬ್ಬದ ಬೆನ್ನ ಮೇಲಿನ ಅಕ್ಷರ

ಎಣ್ಣೆಯ ವಿಷಯದಲ್ಲಿ ನಮ್ಮ ಹೆಂಗಸರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಒಗ್ಗರಣೆಗೆ ಕಡಲೆಕಾಯಿ ಎಣ್ಣೆ, ತಲೆಗೆ ಕೊಬ್ಬರಿ ಎಣ್ಣೆ, ಅಭ್ಯಂಜನಕ್ಕೆ ಹರಳೆಣ್ಣೆ, ದೇವರ ದೀಪಕ್ಕೆ ಎಳ್ಳೆಣ್ಣೆ. ಯಾವುದು ಎಲ್ಲಿಗೆ ಸಲ್ಲುತ್ತದೆಂಬುದು ಅಮ್ಮನ ಸೆರಗು ಹಿಡಿದಾಗಲೇ ಕಲಿತ ವಿದ್ಯೆ. ಮೂಗಿಗೆ ಹಿಡಿದರೆ ಹಳತೋ ಹೊಸತೋ ತಿಳಿದುಹೋಗುತ್ತದೆ. ನಮ್ಮಜ್ಜ ಎತ್ತಿನ ಗಾಡಿಗೆ ಹಾಕುತ್ತಿದ್ದ ಕೀಲೆಣ್ಣೆಯೂ ಮನೆಯಲ್ಲೇ ತಯಾರಾಗುತ್ತಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲೆಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಗಾಡಿಯ ಕೆಳಗೆ ನೇತುಹಾಕಿದರಾಯಿತು. ಅದಕ್ಕೆ ಸರ್ಟಿಫಿಕೇಟು ಕೊಡುತ್ತಿದ್ದುದು ಗಾಡಿಯ ಅಚ್ಚು. ಕಿರುಗುಟ್ಟದಿದ್ದರೆ ಪಾಸು.

ಕಾರಿನ ಎಣ್ಣೆ ಇಷ್ಟು ಸುಲಭವಾಗಿ ಗುಟ್ಟು ಬಿಟ್ಟುಕೊಡುವುದಿಲ್ಲ. ಜಿಪಿಎಫ್ ಹಣ ತೆಗೆದು ನಾವೊಂದು ಪುಟ್ಟ ಪೆಟ್ರೋಲ್ ಕಾರು ಕೊಂಡೆವು. ಚಾಮರಾಜನಗರದ ಮನೆಯಿಂದ ತೆರಕಣಾಂಬಿ ದಾಟಿ ಗುಂಡ್ಲುಪೇಟೆ ಕಡೆಯ ನನ್ನ ಶಾಲೆಗೆ ಓಡಾಟ. ತಿಂಗಳಿಗೊಮ್ಮೆ ಊಟಿಯಲ್ಲಿರುವ ಮಗಳ ಮನೆಗೆ. ಬಂಡೀಪುರದ ಕಾಡಿನ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತದೆ. ಮಸಿನಗುಡಿಯಿಂದಾಚೆ ಕಲ್ಲಹಟ್ಟಿ ಘಾಟಿಯಲ್ಲಿ 36 ತಿರುವುಗಳು. ಸಂಜೆ ಹೊತ್ತಿನಲ್ಲಿ ಅಲ್ಲಿ ಎಂಜಿನ್ ಕೈಕೊಟ್ಟರೆ ನಮ್ಮ ಕೂಗಿಗೆ ಓಗೊಡುವುದು ನವಿಲು ಮಾತ್ರ. ಎಂಜಿನ್ನಿನ ರಿಪೇರಿಯಂತೂ ನನ್ನಂಥವಳ ಎಷ್ಟು ತಿಂಗಳ ಸಂಬಳ ನುಂಗೀತೋ! 3 ವರ್ಷ ಅಥವಾ 1 ಲಕ್ಷ ಕಿಲೋಮೀಟರಿನ ವಾರಂಟಿಯೇ ನಮಗಿದ್ದ ಧೈರ್ಯ.

ಉಚಿತ ಸರ್ವಿಸುಗಳು ಮುಗಿದ ಮೇಲೆ ಎಣ್ಣೆ ಕೊಳ್ಳಲು ಗುಂಡ್ಲುಪೇಟೆಯ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯವನು ಒಂದು ಡಬ್ಬ ಮುಂದಿಟ್ಟು, “ಎಲ್ಲ ಆಯಿಲೂ ಒಂದೇಯ ಕನಿ ಮೇಡಮ್ಮೋರೆ. ಇದು ಗಟ್ಟಿ ಅದ, ಘಾಟಿಗೆ ಒಳ್ಳೇದು. ಬಣ್ಣ ನೋಡಿ, ಜೇನ್‌ತುಪ್ಪ ಇದ್ದಂಗದ” ಎಂದ. ಡಬ್ಬದ ಮೇಲೆ 20ಡಬ್ಲ್ಯು-50 ಎಂದಿತ್ತು. ನಮ್ಮ ಕಾರಿನ ಪುಸ್ತಕದಲ್ಲಿದ್ದುದು 5ಡಬ್ಲ್ಯು-30. ಯಜಮಾನರು ಜೇನುತುಪ್ಪಕ್ಕೆ ಮನಸೋತಿದ್ದರು. ನಾನು ಪುಸ್ತಕ ಬಿಡಲಿಲ್ಲ.

ಸಂಧಿ ಬಿಡಿಸುವುದು ನನ್ನ ಕಸುಬು. ಈ ಪದವನ್ನೂ ಬಿಡಿಸಿ ನೋಡಿದೆ. ಈ ಅಳತೆ ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಎಸ್‌ಎಇ ಮಾಡಿದ್ದು. ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ತಣ್ಣಗಿನ ಎಂಜಿನ್ನಿನಲ್ಲಿ ಎಣ್ಣೆ ಬೇಗ ಹರಿಯುತ್ತದೆ. ಮುಂದಿನ ಅಂಕಿ 100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅದೆಷ್ಟು ಮಂದವಾಗಿ ಉಳಿಯುತ್ತದೆಂದು ಹೇಳುತ್ತದೆ. ಇಂದಿನ ಎಂಜಿನ್ನುಗಳ ಒಳದಾರಿಗಳು ಕಿರಿದು. ಊಟಿಯ ಚಳಿಯಲ್ಲಿ ಬೆಳಗ್ಗೆ ಕೀಲಿ ತಿರುಗಿಸಿದಾಗ ಗಟ್ಟಿ ಎಣ್ಣೆ ಮೇಲಕ್ಕೇರುವಷ್ಟರಲ್ಲಿ ಲೋಹಕ್ಕೆ ಲೋಹ ತಿಕ್ಕಿ ಸವೆಯುತ್ತದೆ. ಗಟ್ಟಿ ಎಂದರೆ ಒಳ್ಳೆಯದು ಎಂಬ ಮಾತು ಹಾಲಿಗೆ ಸರಿ, ಎಂಜಿನ್ನಿಗಲ್ಲ.

ಇನ್ನೊಂದು ಗುರುತು ಎಪಿಐ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯದು. ದುಂಡನೆಯ ಬಳೆಯಂಥ ಮುದ್ರೆ. ಅದರೊಳಗೆ ಎಸ್‌ನಿಂದ ಆರಂಭವಾಗುವ ಅಕ್ಷರಗಳು ಪೆಟ್ರೋಲಿಗೆ, ಸಿ ಇಂದ ಆರಂಭವಾಗುವುವು ಡೀಸೆಲ್ಲಿಗೆ. ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಹೊಸ ದರ್ಜೆ. ಎಸ್‌ಪಿ ಬಂದದ್ದು 2020ರಲ್ಲಿ, ಎಸ್‌ಕ್ಯೂ 2025ರಲ್ಲಿ. ಪೆಟ್ರೋಲ್ ಕಾರಿನಲ್ಲಿ, ಪುಸ್ತಕ ಹೇಳಿದ ಮಂದವೇ ಇದ್ದರೆ, ಹಳೆಯ ದರ್ಜೆಯ ಜಾಗಕ್ಕೆ ಹೊಸದು ಸಲ್ಲುತ್ತದೆ. ಹೊಸದರ ಜಾಗಕ್ಕೆ ಹಳೆಯದು ಸಲ್ಲದು. ಹಾಗೆಂದು ಕಾರಿಗೆ ಹಾಕಿ ಉಳಿದದ್ದನ್ನು ಮಗನ ಮೋಟಾರ್ ಸೈಕಲ್ಲಿಗೆ ಸುರಿಯಬೇಡಿ. ಅಲ್ಲಿ ಸಾಮಾನ್ಯವಾಗಿ ಕ್ಲಚ್ಚೂ ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ, ಜಾರತೊಡಗುತ್ತದೆ. ಅದಕ್ಕೆ ಜಾಸೋ ಎಂಎ ಎಂಬ ಜಪಾನಿನ ಗುರುತು ಬೇರೆಯೇ ಇದೆ.

ಸರಿಯಾದ ಎಣ್ಣೆ ಸಿಕ್ಕಿತು. ಹಾಕುವವರು ಯಾರು? ನಮ್ಮ ಹಳೆಯ ಸ್ಕೂಟರನ್ನು 20 ವರ್ಷ ಸಾಕಿದ ಮೆಕ್ಯಾನಿಕ್ ಒಬ್ಬನಿದ್ದಾನೆ. ಸರ್ವಿಸ್ ಸೆಂಟರಿನವರು ಮಾತ್ರ, “ಹೊರಗೆ ಮುಟ್ಟಿಸಿದರೆ ವಾರಂಟಿ ಹೋಯಿತು” ಎಂದುಬಿಟ್ಟಿದ್ದರು. ಅದನ್ನು ಕೇಳಿದ ಅವನು ಕೈಯ ಸ್ಪ್ಯಾನರ್ ಕೆಳಗಿಟ್ಟು, “ಅಂಗಾದ್ರೆ ಇನ್ಮೇಲೆ ನಾನು ಬರೀ ಪಂಚರ್ ಹಾಕ್ಕೊಂಡಿರಬೇಕಾ ಅಕ್ಕೋರೆ?” ಎಂದ. ಆ ಮಾತು ನನ್ನನ್ನು ಚುಚ್ಚಿತು. ಊರಿಗೆ ಹೊಸ ಕಾರುಗಳು ಬಂದಷ್ಟೂ ಅವನ ಅನ್ನ ಕಡಿಮೆಯಾಗಬೇಕೆ?

ಈ ಪ್ರಶ್ನೆ ಹಿಂದೆಯೇ ದೆಹಲಿ ಮುಟ್ಟಿತ್ತು. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ಕಂಪೆನಿಗಳ ವಿರುದ್ಧ ಆದೇಶ ಹೊರಡಿಸಿತು. ಹೊರಗೆ ಕೆಲಸ ಮಾಡಿಸಿದ ಮಾತ್ರಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಎಂಬ ಷರತ್ತು ಕೂಡದು. ಹೊರಗಿನ ಕೆಟ್ಟ ಕೆಲಸದಿಂದಲೇ ಹಾನಿಯಾಗಿದ್ದರೆ ಅಷ್ಟರ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದಿತು. ಕಂಪೆನಿಗಳು ಮೇಲ್ಮನವಿ ಹೋದವು. ಆದ್ದರಿಂದ ಆ ಆದೇಶವೊಂದನ್ನೇ ನೆಚ್ಚಿ ಕೂರದೆ ನಾನು ವಾರಂಟಿ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ನಮ್ಮದರಲ್ಲಿ ಒತ್ತಿ ಹೇಳಿದ್ದು ಮೂರು: ಹೇಳಿದ ದರ್ಜೆಯ ಎಣ್ಣೆ, ಹೇಳಿದ ಕಾಲಕ್ಕೆ ಬದಲಾವಣೆ, ಅದಕ್ಕೆ ದಾಖಲೆ. ನಿಮ್ಮದರಲ್ಲಿ ಬೇರೆ ಮಾತಿದ್ದೀತು, ಓದಿಕೊಳ್ಳಿ.

ಹೀಗೆ ಒಂದು ನೋಟ್ ಪುಸ್ತಕ ಶುರುವಾಯಿತು. ದಿನಾಂಕ, ಓಡಿದ ಕಿಲೋಮೀಟರ್, ಎಣ್ಣೆಯ ದರ್ಜೆ, ಡಬ್ಬದ ಬ್ಯಾಚ್ ನಂಬರು; ಪಕ್ಕದಲ್ಲಿ ಅಂಟಿಸಿದ ಜಿಎಸ್‌ಟಿ ಬಿಲ್ಲು, ಕೆಳಗೆ ಮೆಕ್ಯಾನಿಕ್ಕಿನ ಸಹಿ. ಸೀಲು ನಮ್ಮೆದುರೇ ಒಡೆಯಬೇಕು. ಖಾಲಿ ಡಬ್ಬಕ್ಕೆ ತೂತು ಹೊಡೆಯಬೇಕು, ಇಲ್ಲದಿದ್ದರೆ ಅದೇ ಡಬ್ಬ ಕಳಪೆ ಎಣ್ಣೆ ತುಂಬಿಕೊಂಡು ಇನ್ನಾರದೋ ಮನೆಗೆ ಹೋದೀತು.

ಏಳನೆಯ ತರಗತಿಗೇ ಶಾಲೆ ಬಿಟ್ಟ ನಮ್ಮ ಮೆಕ್ಯಾನಿಕ್ ಈಗ ಡಬ್ಬದ ಬೆನ್ನು ತಿರುಗಿಸಿ ಅಕ್ಷರ ಅಕ್ಷರ ಓದಿಯೇ ಮುಚ್ಚಳ ತೆಗೆಯುತ್ತಾನೆ. ಯಾರ ಗಾಡಿ ಬಂದರೂ ಅವನ ಮೊದಲ ಪ್ರಶ್ನೆ, “ಬುಕ್ ತಂದಿದ್ದೀರಾ?” ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ನಾನು ತರಗತಿಯಲ್ಲಿ ಕೇಳುತ್ತಿರುವುದೂ ಅದನ್ನೇ. ಅವನಿಗೆ ಸಿಗುವಷ್ಟು ಉತ್ತರ ನನಗೆ ಸಿಗುವುದಿಲ್ಲ, ಅಷ್ಟೆ.