ಬೀಜದ ದ್ರಾಕ್ಷಿ

ಕೆಲವು ತಿನಿಸುಗಳು ನಮ್ಮ ಮನೆಗಳಿಗೆ ಬಂದು, ಬೇರು ಬಿಟ್ಟು, ಮೂರು ತಲೆಮಾರುಗಳನ್ನು ಕಂಡರೂ ತಮ್ಮ ಹೆಸರನ್ನು ಮಾತ್ರ ಬದಲಿಸಿಕೊಳ್ಳುವುದಿಲ್ಲ. ಫ್ರೂಟ್ ಸಲಾಡು ಅಂಥವುಗಳಲ್ಲೊಂದು. ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವವನೆಂಬ ಕಾರಣಕ್ಕೆ ನಮ್ಮ ಬಂಧುವರ್ಗದಲ್ಲಿ ನನಗೊಂದು ಬಿಟ್ಟಿ ಉದ್ಯೋಗವುಂಟು. ಹುಟ್ಟಿದ ಮಗುವಿಗೆ ಹೆಸರು, ಕಟ್ಟಿದ ಮನೆಗೆ ಹೆಸರು, ಲಗ್ನಪತ್ರಿಕೆಯ ಒಕ್ಕಣೆ, ಎಲ್ಲವೂ ನನ್ನ ಪಾಲಿಗೇ ಬರುತ್ತವೆ. ಒಮ್ಮೆ ನಮ್ಮ ಅಕ್ಕ, "ಇದಕ್ಕೊಂದು ಕನ್ನಡದ ಹೆಸರು ಹೇಳೋ, ನೋಡೋಣ" ಎಂದು ಸವಾಲು ಹಾಕಿದಳು. "ಹಣ್ಣಿನ ರಸಾಯನ" ಎಂದೆ.

"ರಸಾಯನ ಅಂದ್ರೆ ಬಾಳೆಹಣ್ಣು, ಬೆಲ್ಲ, ಕಾಯಿತುರಿ. ರಾಮನವಮಿಗೆ ಮಾಡೋದು. ಇದು ಬೇರೆ" ಎಂದು ಅಜ್ಜಿ ನನ್ನ ಪದವನ್ನು ಅಲ್ಲಿಯೇ ತಳ್ಳಿಹಾಕಿದರು.

ನಾನು ಬಿಡಲಿಲ್ಲ. ಸಲಾಡೆಂಬ ಮಾತಿನ ಬೇರು ಲ್ಯಾಟಿನ್ ಭಾಷೆಯ ಉಪ್ಪು. ಎಂದ ಮೇಲೆ ಫ್ರೂಟ್ ಸಲಾಡೆಂದರೆ ಉಪ್ಪು ಹಚ್ಚಿದ ಹಣ್ಣೆಂದಾಯಿತು. ರಸಾಯನವಾದರೋ ಆಯುರ್ವೇದದ ಎಂಟು ಅಂಗಗಳಲ್ಲೊಂದು, ಮುಪ್ಪನ್ನು ದೂರವಿರಿಸುವ ವಿದ್ಯೆ. ಅದೇ ಮಾತು ಇಂದು ಕಾಲೇಜಿನಲ್ಲಿ ಆಮ್ಲ ಕ್ಷಾರಗಳ ಶಾಸ್ತ್ರಕ್ಕೂ ಹೆಸರಾಗಿದೆ. ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅಜ್ಜಿ ಎದ್ದು ತುಳಸಿಗೆ ನೀರೆರೆಯಲು ಹೋಗಿದ್ದರು. ಇರಲಿ, ಹೆಸರು ಫ್ರೂಟ್ ಸಲಾಡೆಂದೇ ಉಳಿಯಿತು.

ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಪ್ರತಿವರ್ಷವೂ ರಾಮನವಮಿ ಕಳೆದು, ಮಕ್ಕಳಿಗೆ ಬೇಸಗೆಯ ರಜ ಬಂದ ಮೊದಲ ಭಾನುವಾರ ಬಂಧುಗಳೆಲ್ಲ ಸೇರುವ ಪದ್ಧತಿ. ಎಲೆ ಎಣಿಸಿದರೆ ಇಪ್ಪತ್ತೆರಡು. ಊಟಕ್ಕೆ ಏನಾದರೂ ಆಗಬಹುದು, ಕೊನೆಯಲ್ಲಿ ತಣ್ಣಗಿನ ಫ್ರೂಟ್ ಸಲಾಡು ಇರಲೇಬೇಕು. ಮತ್ತು ಅದರ ಹಣ್ಣನ್ನು ನಾವು ಕೊಳ್ಳುವಂತಿಲ್ಲ, ಬಂದವರೇ ತರಬೇಕು. ಶಿಡ್ಲಘಟ್ಟದ ಅತ್ತೆಯದು ಬಾಳೆ ಮತ್ತು ಸಪೋಟ. ಅವರ ಯಜಮಾನರಿಗೆ ಅಲ್ಲಿ ರೇಷ್ಮೆಯ ನೂಲು ಬಿಚ್ಚುವ ಘಟಕವಿದೆ. ಆ ಮನೆಯವರು ಕುದಿಯುವ ನೀರಿನ ಮುಂದೆ ಬದುಕುವವರಾದ್ದರಿಂದ ತಂಪಿನ ಬೆಲೆ ಅವರಿಗೆ ಚೆನ್ನಾಗಿ ಗೊತ್ತು. ಗೌರಿಬಿದನೂರಿನ ಸೋದರಮಾವನದು ದಾಳಿಂಬೆ. ಬೆಂಗಳೂರಿನ ಅಕ್ಕ ಸೇಬು ತರುತ್ತಾಳೆ. ಅದು ಅವಳಿಗಿಂತ ದೂರದ ಪ್ರಯಾಣ ಮಾಡಿ ಬಂದಿರುತ್ತದೆ. ಚಿಂತಾಮಣಿಯ ಮಾವನವರದೊಂದೇ ತೊಡಕು. ಚಿಂತಾಮಣಿ, ಶ್ರೀನಿವಾಸಪುರಗಳ ಕಡೆಯ ಮಾವು ಪೇಟೆಗೆ ಬರುವುದು ಮೇ ತಿಂಗಳಿಗೆ; ಏಪ್ರಿಲಿನಲ್ಲಿ ಸಿಗುವುದು ರಾಮನಗರದ ಕಡೆಯ ಬಾದಾಮಿ. ಅದನ್ನು ಕೊಂಡು ತರುವುದೆಂದರೆ ಅವರಿಗೆ ಶತ್ರುವಿನ ಬಾಗಿಲಲ್ಲಿ ಸಾಲ ಕೇಳಿದಂತೆ. ತರುತ್ತಾರೆ, ಆದರೆ ಚೀಲವನ್ನು ಕೆಳಗಿಡುವ ಮೊದಲು, "ಹಣ್ಣು ಅಂದ್ರೆ ಇದಲ್ಲ, ಮುಂದಿನ ತಿಂಗಳು ನಮ್ಮಲ್ಲಿಗೆ ಬನ್ನಿ" ಎಂದು ಎಲ್ಲರಿಗೂ ಹೇಳಿಯೇ ಇಡುತ್ತಾರೆ.

ಇನ್ನು ನಂದಿಬೆಟ್ಟದ ತಪ್ಪಲಿನ ನಮ್ಮ ಹಳ್ಳಿಯಿಂದ ಚಿಕ್ಕಪ್ಪ ದ್ರಾಕ್ಷಿಯ ಕ್ರೇಟನ್ನು ಬೈಕಿಗೆ ಕಟ್ಟಿಕೊಂಡು ಬರುತ್ತಾರೆ. ಅದರ ಮಾತು ಆಮೇಲೆ.

ಮೊದಲು ಹಾಲಿನ ವಿಷಯ. ಯೂರೋಪಿನವರ ಕಸ್ಟರ್ಡಿಗೆ ಮೊಟ್ಟೆಯೇ ಜೀವಾಳ. 1837ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಔಷಧ ವ್ಯಾಪಾರಿ ಆಲ್‌ಫ್ರೆಡ್ ಬರ್ಡ್ ಎಂಬಾತ, ತನ್ನ ಹೆಂಡತಿಗೆ ಮೊಟ್ಟೆ ಒಗ್ಗದೆಂದು, ಮುಸುಕಿನ ಜೋಳದ ನುಣುಪು ಹಿಟ್ಟಿನಿಂದ ಹಾಲು ಗಟ್ಟಿಗೊಳ್ಳುವ ಪುಡಿಯೊಂದನ್ನು ಹದಗೊಳಿಸಿದ. ಆ ಮಹಾತಾಯಿಗೆ ಮೊಟ್ಟೆ ಒಗ್ಗಿದ್ದರೆ ನಮ್ಮ ಅಜ್ಜಿಯ ಅಡಿಗೆಮನೆಯ ಹೊಸಿಲನ್ನು ಕಸ್ಟರ್ಡ್ ದಾಟುತ್ತಿರಲಿಲ್ಲ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನಂಥ ಕಡೆ ಹಣ್ಣಿನ ಮೇಲೆ ಐಸ್‌ಕ್ರೀಮನ್ನು ಕೂರಿಸಿ ಕೊಡುತ್ತಾರೆ. ಅದು ಹೋಟೆಲಿನ ವೈಭವ. ಮನೆಯದು ಕಸ್ಟರ್ಡಿನ ಸಂಸಾರ.

ಅಮ್ಮ ಶನಿವಾರ ಸಂಜೆಯೇ ಎರಡು ಲೀಟರ್ ಗಟ್ಟಿ ಹಾಲನ್ನು ಒಲೆಗೇರಿಸುತ್ತಾರೆ. ಅದು ಕಾಲುಭಾಗ ಬತ್ತಬೇಕು. ಕಸ್ಟರ್ಡ್ ಪುಡಿ ಆರು ದೊಡ್ಡ ಚಮಚ. ಅದನ್ನು ಬಿಸಿಹಾಲಿಗೆ ನೇರವಾಗಿ ಸುರಿದರೆ ಗಂಟುಗಂಟಾಗುತ್ತದೆಯಾದ್ದರಿಂದ ಮೊದಲೇ ಎತ್ತಿಟ್ಟ ಒಂದು ಲೋಟ ತಣ್ಣನೆಯ ಹಾಲಿನಲ್ಲಿ ಕದಡಿ, ಕುದಿಯುವ ಹಾಲಿಗೆ ಎಳೆಯಾಗಿ ಬಿಡುತ್ತ, ಇನ್ನೊಂದು ಕೈಯಿಂದ ಸೌಟಾಡಿಸಬೇಕು. ಸಕ್ಕರೆ ಕಾಲು ಕಿಲೋ ಸಾಕು; ಹಣ್ಣಿನ ಸಿಹಿ ಮುಂದೆ ಬರಲಿದೆಯಲ್ಲ! ಸೌಟಿನ ಬೆನ್ನಿಗೆ ಹತ್ತಿ, ಬೆರಳಿನಿಂದ ಗೆರೆ ಎಳೆದರೆ ಗೆರೆ ನಿಂತಾಗ ಇಳಿಸುವುದು. ಇಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ಆರುವವರೆಗೂ ಆಗಾಗ ಕೈಯಾಡಿಸದಿದ್ದರೆ ಮೇಲೆ ದಪ್ಪ ಪದರ ಕಟ್ಟುತ್ತದೆ. ಪೂರ್ತಿ ಆರಿದ ಮೇಲೆ ರಾತ್ರಿಯಿಡೀ ಫ್ರಿಜ್ಜಿನಲ್ಲಿ. ಮರುದಿನ ಮೂರು ದಿನದಿಂದ ಕೂಡಿಟ್ಟ ಕೆನೆಯನ್ನು ಕಡೆದು ಬೆಣ್ಣೆಯಾಗುವ ಮೊದಲೇ ನಿಲ್ಲಿಸಿ, ತಣ್ಣಗಿನ ಕಸ್ಟರ್ಡಿನಲ್ಲಿ ಮೆಲ್ಲನೆ ಬೆರೆಸುವುದು. ಫ್ರಿಜ್ಜಿಲ್ಲದ ಕಾಲದಲ್ಲಿ ಇದೇ ಪಾತ್ರೆಯನ್ನು ನೆನೆಸಿದ ಮರಳಿನಲ್ಲಿ ಕುತ್ತಿಗೆಯವರೆಗೆ ಹೂತು, ಒದ್ದೆಬಟ್ಟೆ ಸುತ್ತಿ, ಗಾಳಿಯಾಡುವ ಮೂಲೆಯಲ್ಲಿಡುತ್ತಿದ್ದರಂತೆ. ನೀರು ಆವಿಯಾಗುವಾಗ ಪಾತ್ರೆಯ ಕಾವನ್ನು ಕೊಂಡೊಯ್ಯುತ್ತದೆಂಬುದನ್ನು ಅವರಿಗೆ ಯಾವ ಉಪನ್ಯಾಸಕನೂ ಹೇಳಿರಲಿಲ್ಲ.

ಹಣ್ಣುಗಳಿಗೂ ಕ್ರಮವುಂಟು. ಬಾಳೆಹಣ್ಣು ಹೆಚ್ಚಿದ ಗಳಿಗೆಯಿಂದಲೇ ಕಪ್ಪಾಗತೊಡಗುವುದರಿಂದ ಅದು ಎಲ್ಲಕ್ಕಿಂತ ಕೊನೆಗೆ. ಅನಾನಸನ್ನು ಹಸಿಯಾಗಿ ಹಾಕಲೇಬಾರದು. ಅದರಲ್ಲಿರುವ ಕಿಣ್ವವೊಂದು ಹಾಲಿನ ಸಸಾರಜನಕವನ್ನು ಒಡೆದು ಇಡೀ ಪಾತ್ರೆಯನ್ನು ಕಹಿ ಮಾಡಿಬಿಡುತ್ತದೆ. ಸಕ್ಕರೆಯೊಡನೆ ಬೇಯಿಸಿದರೆ ಆ ಕಿಣ್ವದ ಶಕ್ತಿ ಅಡಗುತ್ತದೆ. ಒಂದು ವರ್ಷ ನಮ್ಮ ಭಾವ ಈ ಮಾತನ್ನು ಒಪ್ಪದೆ ಹಸಿ ಅನಾನಸನ್ನು ಧಾರಾಳವಾಗಿ ಸುರಿದು, ಆ ಮಧ್ಯಾಹ್ನ ಇಪ್ಪತ್ತೆರಡು ಮಂದಿಯ ಮುಖವನ್ನು ಒಬ್ಬೊಬ್ಬರದಾಗಿ ನೋಡುವ ಭಾಗ್ಯಕ್ಕೆ ಪಾತ್ರರಾದರು.

ಅಜ್ಜಿಯ ಆಕ್ಷೇಪಣೆ ಬೇರೆಯೇ. "ಹಾಲಿಗೂ ಹುಳಿಗೂ ನಂಟು ಬೇಡ." ಇದು ಬರಿಯ ಮಡಿವಂತಿಕೆಯಲ್ಲ, ಹುಳಿಹಣ್ಣುಗಳನ್ನು ಹಾಲಿನೊಡನೆ ತಿನ್ನುವುದನ್ನು ಚರಕಸಂಹಿತೆ ವಿರುದ್ಧಾಹಾರಗಳ ಪಟ್ಟಿಯಲ್ಲಿ ಸೇರಿಸಿದೆ. ಇಲ್ಲಿಗೆ ನಾವು ಚಿಕ್ಕಪ್ಪನ ದ್ರಾಕ್ಷಿಗೆ ಬಂದೆವು.

ಬೆಂಗಳೂರು ನೀಲಿ, ಅಥವಾ ಪೇಟೆಯವರ ಬಾಯಲ್ಲಿ ಬೆಂಗಳೂರು ಬ್ಲೂ, ಎಂಬ ಈ ದ್ರಾಕ್ಷಿ ಬೆಂಗಳೂರಿನ ಹೆಸರು ಹೊತ್ತಿದ್ದರೂ ಬೆಳೆಯುವುದು ಬಹುಪಾಲು ನಮ್ಮ ಸುತ್ತಮುತ್ತ. ಭೌಗೋಳಿಕ ಸೂಚಿಯ ಮಾನ್ಯತೆಯೂ ಇದಕ್ಕಿದೆ. ಗುಂಡಗೆ, ಕಪ್ಪುನೇರಳೆ, ಮೇಲೆ ಬೂದಿ ಹಚ್ಚಿದಂಥ ಮಸುಕು. ಸಿಪ್ಪೆ ದಪ್ಪ, ಒತ್ತಿದರೆ ತಿರುಳು ಪುಟಕ್ಕನೆ ಹೊರಕ್ಕೆ ಜಿಗಿಯುತ್ತದೆ. ಒಳಗೆ ಎರಡೋ ಮೂರೋ ಬೀಜ. ರುಚಿ ಹುಳಿಸಿಹಿ, ಪರಿಮಳವೋ, ಕ್ರೇಟು ನಡುಮನೆಯಲ್ಲಿದ್ದರೆ ಹಿತ್ತಲಲ್ಲಿ ಗೊತ್ತಾಗುವಂಥದು. ರಸಕ್ಕೂ ಮದ್ಯಕ್ಕೂ ಹೇಳಿಮಾಡಿಸಿದ ಹಣ್ಣೆನ್ನುತ್ತಾರೆ. ಅದನ್ನು ಹಾಲಿನ ಭಕ್ಷ್ಯಕ್ಕೆ ಹಾಕುವುದು ಸಾಹಸವೇ. ಪ್ರತಿವರ್ಷ ಅಕ್ಕನ ಮಗಳು, "ಬೀಜ ಇಲ್ಲದ ಹಸಿರು ದ್ರಾಕ್ಷಿ ಫೋನಿನಲ್ಲಿ ಒತ್ತಿದರೆ ಹತ್ತು ನಿಮಿಷಕ್ಕೆ ಬರುತ್ತೆ ಅಜ್ಜಿ" ಎನ್ನುತ್ತಾಳೆ. ಅಮ್ಮ ಕೇಳದವರಂತೆ ಎರಡು ಅಗಲವಾದ ಬೋಗುಣಿಗಳನ್ನು ನಡುಮನೆಯಲ್ಲಿ ತಂದಿಡುತ್ತಾರೆ. ಎಲ್ಲರೂ ಸುತ್ತ ಕುಳಿತು ಒಂದೊಂದೇ ಹಣ್ಣನ್ನು ಒತ್ತಿ, ಸಿಪ್ಪೆಯನ್ನು ಒಂದು ಬೋಗುಣಿಗೆ, ತಿರುಳನ್ನು ಸೀಳಿ ಬೀಜ ತೆಗೆದು ಇನ್ನೊಂದಕ್ಕೆ ಹಾಕಬೇಕು. ಮೂರು ಕಿಲೋ ಹಣ್ಣಿಗೆ ಒಂದೂವರೆ ಗಂಟೆ. ತಿರುಳಿಗೆ ಸಕ್ಕರೆ ಉದುರಿಸಿ, ಬಿಟ್ಟ ಹುಳಿರಸವನ್ನು ಬಸಿದು, ಬಡಿಸುವಾಗ ಬಟ್ಟಲಿನ ಮೇಲೆ ಒಂದು ಚಮಚ. ಹಾಲು ಒಡೆಯುವಷ್ಟು ಹೊತ್ತು ಅದನ್ನು ಬಿಡುವುದೇ ಇಲ್ಲ. ಕಸ್ಟರ್ಡಿನಲ್ಲಿರುವ ಹಿಟ್ಟೂ ಹಾಲನ್ನು ಅಷ್ಟಿಷ್ಟು ಕಾಯುತ್ತದೆ. ಸಿಪ್ಪೆಯನ್ನು ಕುದಿಸಿದರೆ ಸಂಜೆಗೆ ಶರಬತ್ತು.

ಈ ವರ್ಷ ಚಿಕ್ಕಪ್ಪ ಕ್ರೇಟಿನೊಡನೆ ಒಂದು ಬಟ್ಟೆಯ ಚೀಲವನ್ನೂ ತಂದಿದ್ದರು. ಅದನ್ನು ಗೋಡೆಯ ಮೊಳೆಗೆ ತಗುಲಿಸಿ, ಯಾರಿಗೂ ಏನೂ ಹೇಳದೆ ಬೋಗುಣಿಯ ಮುಂದೆ ಕುಳಿತರು. ಚೀಲದಲ್ಲಿ ಏನಿದೆಯೆಂದು ಹಿರಿಯರಿಗೆಲ್ಲ ಗೊತ್ತಿತ್ತು. ತಾತ ಕಲ್ಲುಕಂಬ ನೆಟ್ಟು, ತಂತಿ ಎಳೆದು, ಚಪ್ಪರಕ್ಕೆ ಬಳ್ಳಿ ಹಬ್ಬಿಸಿದ ಎರಡು ಎಕರೆ ಇನ್ನೂ ಪಾಲಾಗಿಲ್ಲ. ನಮ್ಮ ತಂದೆಯವರು ತೀರಿಕೊಂಡ ಮೇಲೂ ಹಾಗೆಯೇ ಉಳಿದಿದೆ. 1994ರ ತಿದ್ದುಪಡಿಯ ತರುವಾಯ ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲಾದ್ದರಿಂದ ಮಾರಬೇಕಾದರೆ ಅತ್ತೆಯದೂ ಅಕ್ಕನದೂ ಸೇರಿ ಎಲ್ಲರ ಸಹಿ ಬೇಕು. ಎಲ್ಲರೂ ಒಂದೆಡೆ ಸಿಗುವುದು ಆ ಒಂದು ಭಾನುವಾರ.

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣ ತೆರೆದಾಗಿನಿಂದ ನಮ್ಮ ಕಡೆಯ ಭೂಮಿಗೆ ಬೆಳೆಯ ಬೆಲೆ ಹೋಗಿ ನಿವೇಶನದ ಬೆಲೆ ಬಂದಿದೆ. ಅದನ್ನು ಕೇಳಿಕೊಂಡು ಬರುವವರನ್ನು ಚಿಕ್ಕಪ್ಪ ಬಹಳ ಕಾಲ ಎಳನೀರು ಕೊಟ್ಟು ಕಳಿಸುತ್ತಿದ್ದರು. 2020ರ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಕೊಯ್ಲಿಗೆ ಬಂದ ಹಣ್ಣು ಬಳ್ಳಿಯಲ್ಲಿಯೇ ಒಣಗಿತು. ಆಗಲೂ ಮಾರುವ ಮಾತೆತ್ತಿರಲಿಲ್ಲ. ಆ ವರ್ಷ ನಮ್ಮಲ್ಲಿ ಕೂಟವೂ ಇರಲಿಲ್ಲ, ಸಲಾಡೂ ಇರಲಿಲ್ಲ.

ಬೆರಳುಗಳು ನೇರಳೆಯಾಗುತ್ತ ಬಂದವು. ಮಾತು ಅಳಿಯನ ವರ್ಗಾವಣೆ, ಗೂಡಿನ ಧಾರಣೆ, ಮಾವನವರ ಮಂಡಿನೋವು ಇವುಗಳನ್ನು ಸುತ್ತಿ ಬಂದು ತಾನಾಗಿ ನಿಂತಿತು. ಕೈಗೆ ಕೆಲಸವಿರುವಾಗಿನ ಮೌನ ಅಷ್ಟು ಭಾರವಲ್ಲ. ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲವಲ್ಲ.

"ಆ ಚೀಲದಲ್ಲೇನೋ?" ಎಂದರು ಅಜ್ಜಿ, ಕೈಯಲ್ಲಿದ್ದ ಹಣ್ಣಿನಿಂದ ಕಣ್ಣೆತ್ತದೆ.

ಚಿಕ್ಕಪ್ಪ ಒಂದು ಬೀಜವನ್ನು ತೆಗೆದು ಪಕ್ಕಕ್ಕಿಟ್ಟು, "ಕಾಗದ ಅಮ್ಮ" ಎಂದರು. ಆಮೇಲೆ ತಡೆತಡೆದು ಹೇಳಿದರು. ಹೊಸ ಕೊಳವೆಬಾವಿ ಸಾವಿರದ ಇನ್ನೂರು ಅಡಿ ಹೋಯಿತು. ಬಂದದ್ದು ಒಂದೂವರೆ ಇಂಚು ನೀರು. ಅದರ ಸಾಲ. ಕತ್ತರಿ ಹಾಕುವ ಆಳುಗಳಿಲ್ಲ. "ಬೆಂಗಳೂರಿನ ನೀರನ್ನು ಶುದ್ಧಿ ಮಾಡಿ ಕಂದವಾರದ ಕೆರೆಗೆ ಬಿಟ್ಟರು. ಕೆರೆ ತುಂಬಿದ್ದು ನೋಡಿ ಕಣ್ಣೇನೋ ತಂಪಾಯ್ತು. ನಮ್ಮ ಬಾವಿಗೆ ಅದು ಬರಲಿಲ್ಲ. ನನಗೂ ಅರವತ್ತೆರಡಾಯ್ತು."

ಅತ್ತೆ, "ನೀನು ಹೇಗೆ ಹೇಳ್ತೀಯೋ ಹಾಗೆ ಅಣ್ಣ, ನನ್ನದೇನೂ ಇಲ್ಲ" ಎಂದರು. ಅಕ್ಕ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡು, "ಈ ಕೈಯಲ್ಲಿ ಮುಟ್ಟಿದರೆ ಕಾಗದವೆಲ್ಲ ಕರೆ ಚಿಕ್ಕಪ್ಪ. ಇದು ಮುಗಿಯಲಿ" ಎಂದಳು. ಯಾರೋ ನಕ್ಕರು. ಅದುವರೆಗೆ ಬಾಯಿ ಬಿಡದಿದ್ದ ಚಿಕ್ಕಮ್ಮ, ತಲೆ ತಗ್ಗಿಸಿಕೊಂಡೇ, "ರಸ್ತೆ ಕಡೆಯ ಅರ್ಧ ಎಕರೆ ಹೋದರೆ ಸಾಲ ತೀರುತ್ತೆ. ಎರಡೂ ಎಕರೆ ಯಾಕೆ ಅಂತ ನಾನು ಉಗಾದಿಯಿಂದ ಕೇಳ್ತಿದೀನಿ. ನನಗೆ ಇವರು ಜವಾಬೇ ಹೇಳಿಲ್ಲ" ಎಂದರು.

ಜವಾಬು ಆಗಲೂ ಬರಲಿಲ್ಲ. ಅಜ್ಜಿ ಬೋಗುಣಿಯನ್ನು ಮಗನ ಕಡೆಗೆ ಸ್ವಲ್ಪ ಸರಿಸಿದರು. ಇನ್ನೂ ಒಂದು ಕಿಲೋದಷ್ಟು ಹಣ್ಣು ಉಳಿದಿತ್ತು. ಬೀಜವಿಲ್ಲದ ದ್ರಾಕ್ಷಿಯನ್ನು ಆ ದಿನ ತರಿಸಿದ್ದರೆ ಈ ಮಾತು ಎಲ್ಲಿ ಹುಟ್ಟುತ್ತಿತ್ತೋ ನನಗೆ ತೋಚದು. ಬಹುಶಃ ಊಟದ ನಂತರ ಸಹಿಗಳಾಗಿ, ಚೀಲ ತುಂಬಿ, ಎಲ್ಲರೂ ಮಲಗಿಕೊಳ್ಳುತ್ತಿದ್ದರು.

ಊಟವಾಯಿತು. ಮಂಜಿನಂತೆ ತಣ್ಣಗಿದ್ದ ಕಸ್ಟರ್ಡು, ಅದರೊಳಗೆ ಬಾದಾಮಿಯ ಹಳದಿ, ದಾಳಿಂಬೆಯ ಕೆಂಪು, ಮೇಲೆ ಆ ಹುಳಿಸಿಹಿ ತಿರುಳು. ಸಿಹಿಯೆಲ್ಲ ನಾಲಗೆಯ ಮೇಲೆ ಮಂಕಾಗುವ ಹೊತ್ತಿಗೆ ಅದೊಂದು ಚಮಚ ಮತ್ತೆ ಎಲ್ಲವನ್ನೂ ಎಬ್ಬಿಸುತ್ತದೆ. ಅಕ್ಕನ ಮಗಳು ಎರಡನೆಯ ಬಾರಿ ಬಡಿಸಿಕೊಳ್ಳುವಾಗ, "ಮೇಲಿನದು ಜಾಸ್ತಿ ಹಾಕಿ" ಎಂದಳು. ಅಜ್ಜಿ ವಿರುದ್ಧಾಹಾರವೆಂದು ಎರಡೇ ಚಮಚ ತಿಂದರು. ಅದೂ ದೊಡ್ಡ ಚಮಚ.

ಸಂಜೆ ಚಿಕ್ಕಪ್ಪ ಹೊರಟಾಗ ಚೀಲವನ್ನು ಮೊಳೆಯಿಂದ ತೆಗೆದು, ಬಿಚ್ಚದೆಯೇ ಖಾಲಿ ಕ್ರೇಟಿನೊಳಕ್ಕೆ ಹಾಕಿ ಬೈಕಿಗೆ ಕಟ್ಟಿದರು. "ಅರ್ಧ ಎಕರೆಗೆ ಬೇರೆ ಬರೆಸಬೇಕು, ಅಳತೆಯೂ ಆಗಬೇಕು" ಎಂದರು ನನ್ನೊಬ್ಬನಿಗೇ ಕೇಳಿಸುವಂತೆ. ಗಾಡಿ ಶುರುಮಾಡಿದವರು ಮತ್ತೆ ನಿಲ್ಲಿಸಿ, "ಮುಂದಿನ ತಿಂಗಳು ಬಳ್ಳಿಗೆ ಕತ್ತರಿ ಹಾಕಬೇಕು. ನಿನಗೆ ಕಾಲೇಜು ರಜವಲ್ಲವೇನೋ? ಎರಡು ದಿನ ಬಂದು ಇರು. ಹಳೇ ಬಟ್ಟೆ ತಾ" ಎಂದರು.