ಚೆಂಡಿನಾಚೆಯ ಲೆಕ್ಕ

ಭಟ್ಕಳ, ಹೊನ್ನಾವರ, ಕುಮಟಾದ ನಮ್ಮಂಥವರಿಗೆ ಫುಟ್ಬಾಲ್ ಹುಚ್ಚು ಹತ್ತಿದ್ದು ಟಿವಿಯಿಂದ, ಕೊಲ್ಲಿಯಲ್ಲಿ ದುಡಿಯುವ ಮನೆಯ ಹುಡುಗರ ಮಾತಿನಿಂದ. 2022ರ ಡಿಸೆಂಬರ್ 18ರಂದು ಕತಾರಿನಲ್ಲಿ ಅರ್ಜೆಂಟೀನಾ ಗೆದ್ದಾಗ ನಾವೂ ಕುಣಿದೆವು. ಅದೇ ವರ್ಷ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಧಾವಿಸುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತಿದ್ದರು. ಸುಸಜ್ಜಿತ ಆಸ್ಪತ್ರೆ ಬೇಕೆಂದು ಇಡೀ ಜಿಲ್ಲೆ ಕೂಗಿತು. ಕೆಲವು ವಾರಗಳ ಬಳಿಕ ಚಹಾದಂಗಡಿಯ ಮಾತು ಮತ್ತೆ ಮೆಸ್ಸಿಯತ್ತ ಹೊರಳಿತು.

ಇಂಗ್ಲೆಂಡಿನ ಫುಟ್ಬಾಲ್ ಅಭಿಮಾನಿಗಳೆಂದರೆ ಕುಡಿದು ಬಡಿದಾಡುವವರೆಂದೇ ನಾವು ಪತ್ರಿಕೆಗಳಲ್ಲಿ ಓದಿದ್ದು. ಆದರೆ ಸರಕಾರ ಕಲ್ಯಾಣ ವೆಚ್ಚಕ್ಕೆ ಕತ್ತರಿ ಹಾಕಿದ್ದ ಕಾಲದಲ್ಲಿ, 2015ರಲ್ಲಿ, ಬದ್ಧ ಎದುರಾಳಿಗಳಾದ ಲಿವರ್‌ಪೂಲ್ ಮತ್ತು ಎವರ್ಟನ್ ತಂಡಗಳ ಅಭಿಮಾನಿಗಳು ಒಟ್ಟಾಗಿ ಮೈದಾನದ ಹೊರಗೆ ಬಡವರಿಗೆ ಆಹಾರ ಸಂಗ್ರಹಿಸತೊಡಗಿದರು. ಅಷ್ಟಕ್ಕೇ ನಿಲ್ಲದೆ ಆಹಾರ ಕಾನೂನಿನ ಹಕ್ಕಾಗಲಿ ಎಂದೂ ಕೇಳಿದರು. 2020ರಲ್ಲಿ ಆಟಗಾರ ಮಾರ್ಕಸ್ ರಾಶ್‌ಫೋರ್ಡ್ ಸಂಸದರಿಗೆ ಬಹಿರಂಗ ಪತ್ರ ಬರೆದು, ಬಡ ಮಕ್ಕಳ ಬೇಸಿಗೆ ರಜೆಯ ಊಟದ ವಿಷಯದಲ್ಲಿ ಸರಕಾರವನ್ನೇ ಮಣಿಸಿದರು.

ಕೊಡುವುದರಲ್ಲಿ ನಮ್ಮವರೇನೂ ಹಿಂದಿಲ್ಲ. ರೋಗಿಯೊಬ್ಬರ ಬಿಲ್ಲಿಗೆ ದುಬೈಯಿಂದ ಹಣ ಬಂದೇ ಬರುತ್ತದೆ. ಆದರೆ ಮಣಿಪಾಲ ಭಟ್ಕಳಕ್ಕೇ ಸುಮಾರು 90 ಕಿ.ಮೀ. ದೂರ, ಕುಮಟಾಕ್ಕೆ ಇನ್ನೂ ದೂರ. ಹೃದಯಾಘಾತ ಅಷ್ಟು ಹೊತ್ತು ಕಾಯುವುದಿಲ್ಲ. ಚಂದಾ ಹಣದಿಂದ ಒಂದು ಬಿಲ್ಲು ತೀರೀತು. ಹಗಲಿರುಳು ತಜ್ಞ ವೈದ್ಯರಿರುವ ಆಸ್ಪತ್ರೆ ಏಳಬೇಕಾದದ್ದು ನಾವು ಕಟ್ಟುವ ತೆರಿಗೆಯಿಂದ. ಬೆಂಕಿಪೊಟ್ಟಣ ಕೊಳ್ಳುವಾಗಲೂ ತೆರಿಗೆ ಕೊಡುತ್ತೇವಲ್ಲ! ಆದರೂ ಬಜೆಟ್ ಮಂಡನೆಯ ದಿನ ಆರೋಗ್ಯದ ಪುಟ ಬರುವಷ್ಟರಲ್ಲಿ ನಮ್ಮ ಮನೆಗಳಲ್ಲಿ ಚಾನೆಲ್ ಬದಲಾಗಿರುತ್ತದೆ.