ಎರಡು ಪ್ರಶ್ನೆ ಹಿಡಿದು ಲಾಲ್‌ಬಾಗಿಗೆ

ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಾನೂ ನನ್ನ ಮೊಮ್ಮಗಳೂ ಲಾಲ್‌ಬಾಗ್ ಮೆಟ್ರೊ ನಿಲ್ದಾಣದಲ್ಲಿ ಇಳಿದಾಗ ಇಬ್ಬರ ಬಳಿಯೂ ಒಂದೊಂದು ಪ್ರಶ್ನೆ ಇತ್ತು. ಅವಳದ್ದು ಎಂಟನೇ ತರಗತಿಯ ವಿಜ್ಞಾನದ ಪ್ರಶ್ನೆ. ಸಸ್ಯಕೋಶಕ್ಕೂ ಪ್ರಾಣಿಕೋಶಕ್ಕೂ ಇರುವ ಹೋಲಿಕೆ, ವ್ಯತ್ಯಾಸಗಳನ್ನು ಕಣ್ಣಾರೆ ನೋಡಿ ಬರೆದುಕೊಂಡು ಹೋಗಬೇಕಿತ್ತು. ನನ್ನದು ಮನೆಯ ಪ್ರಶ್ನೆ. ನಾವು ನಲವತ್ತು ವರ್ಷ ಬಾಳಿದ ಮನೆಯನ್ನು ಕೆಡವಿ ಅಲ್ಲಿ ಅಪಾರ್ಟ್‌ಮೆಂಟ್ ಕಟ್ಟುವುದೆಂದು ಮಕ್ಕಳೆಲ್ಲ ಸೇರಿ ತೀರ್ಮಾನಿಸಿದ್ದರು. ನಾನೂ ಸಹಿ ಹಾಕಿದ್ದೆ. ಆದರೆ ಅಂಗಳದ ಕೆಂಪು ದಾಸವಾಳವನ್ನು ಏನು ಮಾಡುವುದು? ಆ ಮನೆಗೆ ಬಂದ ವರ್ಷ ನನ್ನ ಹೆಂಡತಿ ಸಾಗರದ ಕಡೆಯ ತನ್ನ ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ನೆಟ್ಟ ಕಡ್ಡಿ ಅದು. ಅವಳು ತೀರಿಕೊಂಡು ಮೂರು ವರ್ಷವಾಯಿತು. ಗಿಡ ಮಾತ್ರ ದಿನವೂ ದೇವರಿಗೆ ಹೂ ಕೊಡುತ್ತಿದೆ. ಬುಡಸಹಿತ ಕಿತ್ತು ಬೇರೆ ಕಡೆ ನೆಟ್ಟರೆ ಬದುಕೀತೇ ಎಂದು ತಿಳಿದವರನ್ನು ಕೇಳಬೇಕಿತ್ತು.

ಪಶ್ಚಿಮ ದ್ವಾರದ ಹೊರಗೆ ಆಗಲೇ ಸೌತೆಕಾಯಿ, ಮಾವಿನಕಾಯಿ ಹೆಚ್ಚಿ ಉಪ್ಪು ಖಾರ ಹಚ್ಚುತ್ತಿದ್ದರು. ಟಿಕೆಟ್ ಕೊಂಡು ಒಳಗೆ ಹೋದೆವು. ಹೈದರ್ ಅಲಿ 1760ರಲ್ಲಿ ಶುರು ಮಾಡಿದ ತೋಟ ಇದು. ಈಗ ಸುಮಾರು 240 ಎಕರೆ. ರಾತ್ರಿ ಮಳೆ ಬಿದ್ದಿದ್ದರಿಂದ ದಾರಿಯೆಲ್ಲ ಒದ್ದೆ, ಮರಗಳಿಂದ ಇನ್ನೂ ಹನಿ ಬೀಳುತ್ತಿತ್ತು. ಗಾಜಿನ ಮನೆಯ ಸಮೀಪ ಒಂದು ಕಲ್ಲುಬೆಂಚು ಒರೆಸಿಕೊಂಡು ಕುಳಿತೆವು.

ಪುಟ್ಟಿ ಚೀಲದಿಂದ ಒಂದು ಬಣ್ಣದ ರಟ್ಟು ತೆಗೆದಳು. ಅದೇ ಸೂಕ್ಷ್ಮದರ್ಶಕವಂತೆ! ಫೋಲ್ಡ್‌ಸ್ಕೋಪ್ ಎಂದು ಹೆಸರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಎಂಬ ಭಾರತೀಯ ಮೂಲದ ವಿಜ್ಞಾನಿ ತಮ್ಮ ತಂಡದ ಜೊತೆ ರೂಪಿಸಿದ್ದು. ಕಾಗದವನ್ನು ಮಡಿಸಿ, ಪುಟ್ಟ ಮಸೂರವೊಂದನ್ನು ಕೂರಿಸಿದರೆ ಸುಮಾರು 140 ಪಟ್ಟು ದೊಡ್ಡದಾಗಿ ಕಾಣುತ್ತದೆ. ನಾನು ಓದಿದ್ದು ಬಿ.ಕಾಂ., ಜೀವಶಾಸ್ತ್ರದ ಪುಸ್ತಕ ಮುಚ್ಚಿ ಐವತ್ತು ವರ್ಷಕ್ಕೂ ಮೇಲಾಗಿತ್ತು. "ನೀನೇ ಇವತ್ತು ಮೇಷ್ಟ್ರು" ಎಂದೆ.

ಮೊದಲು ಈರುಳ್ಳಿ. ಮನೆಯಿಂದ ತಂದ ಈರುಳ್ಳಿಯ ಎಸಳಿನ ಒಳಮೈಯಿಂದ ತೆಳುವಾದ ಪೊರೆಯೊಂದನ್ನು ಬಿಡಿಸಿ, ಗಾಜಿನ ಮೇಲೆ ಹಾಸಿ, ಒಂದು ತೊಟ್ಟು ಟಿಂಚರ್ ಅಯೋಡಿನ್ ಬಿಟ್ಟಳು. "ಸೂರ್ಯನ ಕಡೆ ಹಿಡೀಬಾರದು ತಾತ, ಬರೀ ಆಕಾಶದ ಕಡೆ" ಎಂದು ಎಚ್ಚರಿಸಿ ಕೈಗೆ ಕೊಟ್ಟಳು. ನೋಡಿದರೆ ಇಟ್ಟಿಗೆ ಗೋಡೆ! ಉದ್ದುದ್ದ ಇಟ್ಟಿಗೆಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ಕುಳಿತಿವೆ. ಒಂದೊಂದರಲ್ಲೂ ಕಂದು ಬಣ್ಣದ ಒಂದು ಚುಕ್ಕಿ. ಅದು ಕೋಶಕೇಂದ್ರ.

ಆಮೇಲೆ ಬಾಯಿ ಮುಕ್ಕಳಿಸಿ, ಹೊಸ ಹಲ್ಲುಕಡ್ಡಿಯಿಂದ ನನ್ನ ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಸವರಲು ಹೇಳಿದಳು. ಅದಕ್ಕೂ ಅಯೋಡಿನ್. ಈ ಸಲ ಇಟ್ಟಿಗೆಗಳಿಲ್ಲ. ಕಾವಲಿಯ ಮೇಲೆ ಅಡ್ಡಾದಿಡ್ಡಿ ಹುಯ್ದ ಪುಟ್ಟ ದೋಸೆಗಳ ಹಾಗೆ ಅಲ್ಲೊಂದು ಇಲ್ಲೊಂದು ಬಿದ್ದಿವೆ. ಕೆಲವಕ್ಕೆ ಅಂಚು ಮಡಿಸಿದೆ. ನಡುವೆ ಮತ್ತದೇ ಕಂದು ಚುಕ್ಕಿ. ನನ್ನ ಜೀವಕೋಶವನ್ನು ನಾನೇ ನೋಡಿದ್ದು ಅದೇ ಮೊದಲು. ಈರುಳ್ಳಿಯ ಚುಕ್ಕಿಗೂ ನನ್ನ ಚುಕ್ಕಿಗೂ ನನಗಂತೂ ವ್ಯತ್ಯಾಸ ಕಾಣಲಿಲ್ಲ.

ಹಿಂದೆ ದೊಡ್ಡವರಿಗೂ ಹೀಗೇ ಆಗಿತ್ತು. 1838ರಲ್ಲಿ ಜರ್ಮನಿಯ ಶ್ಲೈಡೆನ್, ಗಿಡಗಳೆಲ್ಲ ಜೀವಕೋಶಗಳಿಂದಲೇ ಆಗಿವೆ ಎಂದರು. ಮರುವರ್ಷ ಅವರ ಸ್ನೇಹಿತ ಶ್ವಾನ್, ಪ್ರಾಣಿಗಳೂ ಹಾಗೆಯೇ ಎಂದು ತೋರಿಸಿದರು. ಎರಡು ಬೇರೆ ಬೇರೆ ಲೋಕ ಎಂದುಕೊಂಡಿದ್ದದ್ದು ಒಂದೇ ಮನೆತನ ಎಂದಾಯಿತು. ಹೊರಗೊಂದು ಪೊರೆ, ಒಳಗೆ ಕೋಶದ್ರವ, ಕೋಶಕೇಂದ್ರ, ಪ್ರೋಟೀನು ತಯಾರಿಸುವ ರೈಬೋಸೋಮ್, ಆಹಾರದಿಂದ ಶಕ್ತಿ ತೆಗೆಯುವ ಮೈಟೊಕಾಂಡ್ರಿಯ, ಇಷ್ಟೂ ಎರಡರಲ್ಲೂ ಇವೆ. ಗಿಡದಲ್ಲಿ ಮೈಟೊಕಾಂಡ್ರಿಯ ಇಲ್ಲ, ಅದರ ಬದಲು ಹಸಿರು ಕಣಗಳಿವೆ ಎಂದು ನಾನು ತಿಳಿದಿದ್ದೆ. ಅದು ತಪ್ಪು. ಗಿಡಕ್ಕೆ ಎರಡೂ ಇವೆ. ಹಗಲು ಅಡುಗೆ ಮಾಡುತ್ತದೆ, ಹಗಲೂ ರಾತ್ರಿಯೂ ಉಸಿರಾಡುತ್ತದೆ.

"ಮತ್ತೆ ಈರುಳ್ಳಿಯಲ್ಲಿ ಹಸಿರು ಕಣ ಕಾಣಲಿಲ್ಲವಲ್ಲ?" ಎಂದೆ. ಪುಟ್ಟಿ ಸ್ವಲ್ಪ ಯೋಚಿಸಿ, "ಅದು ಮಣ್ಣೊಳಗೆ ಇರತ್ತಲ್ಲ ತಾತ, ಬಿಸಿಲೇ ಇಲ್ಲದ ಕಡೆ ಒಲೆ ಯಾಕೆ?" ಎಂದಳು. ಪಕ್ಕದ ಮನೆಯವರ ಮೀನಿನ ತೊಟ್ಟಿಯಿಂದ ಒಂದು ಎಳೆ ಹೈಡ್ರಿಲ್ಲಾ ಜೊಂಡನ್ನು ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದಳು. ಅದರ ಎಲೆಯನ್ನು ಇಟ್ಟಾಗ ಇಟ್ಟಿಗೆಗಳೊಳಗೆ ಹೆಸರುಕಾಳು ಚೆಲ್ಲಿದ ಹಾಗೆ ಹಸಿರು ಕಣಗಳು ಕಂಡವು. ಬಿಸಿಲು, ನೀರು, ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿಸಿ ಸಕ್ಕರೆ ಮಾಡುವ ಅಡುಗೆಮನೆ ಅದು. ನಮ್ಮ ಕೋಶಗಳಲ್ಲಿ ಅದಿಲ್ಲ. ಅದಕ್ಕೇ ನಾವು ಬೆಳಗಾದರೆ ತಿಂಡಿಯ ಚಿಂತೆ ಮಾಡಬೇಕು.

ಎದ್ದು ನಡೆದೆವು. ದಾರಿಯಲ್ಲಿ ಒಬ್ಬರು ಕುಂಡದ ಗಿಡಗಳಿಗೆ ಪೈಪಿನಲ್ಲಿ ನೀರು ಬಿಡುತ್ತಿದ್ದರು. ಸೂರಿನಡಿಯ ಕುಂಡಗಳಿಗೆ ಮಳೆ ತಾಗಿರಲಿಲ್ಲ, ಎಲೆಗಳು ಜೋತುಬಿದ್ದಿದ್ದವು. ಗಿಡದ ಕೋಶದಲ್ಲಿ ರಸದಾನಿ ಎಂಬ ದೊಡ್ಡ ನೀರಿನ ಚೀಲವಿರುತ್ತದೆ. ಅದು ತುಂಬಿ ಗೋಡೆಯನ್ನು ಒಳಗಿನಿಂದ ಒತ್ತಿದಾಗ ಎಲೆ ನೆಟ್ಟಗೆ ನಿಲ್ಲುತ್ತದೆ, ನೀರು ಇಳಿದಾಗ ಬಾಡುತ್ತದೆ. ನಮ್ಮ ಕೋಶಕ್ಕೆ ಗೋಡೆಯಿಲ್ಲ, ತೆಳು ಪೊರೆ ಅಷ್ಟೆ. ಬರೀ ನೀರಿನಲ್ಲಿ ಹಾಕಿದರೆ ಗಿಡದ ಕೋಶ ಬಿಗಿಯಾಗಿ ಉಬ್ಬಿ ನಿಲ್ಲುತ್ತದೆ, ನಮ್ಮ ಕೆಂಪು ರಕ್ತಕಣ ಉಬ್ಬಿ ಒಡೆದೇ ಹೋಗುತ್ತದೆ.

ಪುಟ್ಟಿ ಇದನ್ನು ಹೇಳಿದಾಗ ನಾನು ಸುಮ್ಮನಾದೆ. ಅವಳ ಅಜ್ಜಿಯ ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದ ಪಕ್ಕ ಕುಳಿತು ಡ್ರಿಪ್ಪಿನ ಬಾಟಲಿಯನ್ನೇ ನೋಡುತ್ತಿದ್ದೆ. ಅದರ ಮೇಲೆ 0.9 ಎಂದು ಬರೆದಿತ್ತು. ಲೆಕ್ಕದ ಮನುಷ್ಯ, ಅಂಕಿ ಕಂಡರೆ ಓದುವ ಚಾಳಿ. 100 ಮಿಲಿಲೀಟರ್ ನೀರಿಗೆ 0.9 ಗ್ರಾಂ ಉಪ್ಪು. ಬರೀ ನೀರು ಕೊಡದೆ ಉಪ್ಪು ಏಕೆ ಹಾಕುತ್ತಾರೆ ಎಂದು ಅಂದು ಯಾರನ್ನೂ ಕೇಳಿರಲಿಲ್ಲ. ಗೋಡೆಯಿಲ್ಲದ ಕೋಶಗಳು ಒಡೆಯದಿರಲಿ ಎಂದು ಎನ್ನುವುದು ಲಾಲ್‌ಬಾಗಿನ ದಾರಿಯಲ್ಲಿ ತಿಳಿಯಿತು.

ಮುಂದೆ ಒಂದು ಕಡೆ ಕಲ್ಲಾದ ಮರದ ಬೊಡ್ಡೆ ಇದೆ. ತಮಿಳುನಾಡಿನ ತಿರುವಕ್ಕರೈಯಿಂದ ತಂದದ್ದು, ಸುಮಾರು 2 ಕೋಟಿ ವರ್ಷ ಹಳೆಯದು. ಮುಟ್ಟಿದರೆ ತಣ್ಣನೆಯ ಕಲ್ಲು, ನೋಡಿದರೆ ಮರದ ನಾರು. ಮಣ್ಣಿನಲ್ಲಿ ಹೂತುಹೋದ ಮರದೊಳಕ್ಕೆ ಖನಿಜ ಬೆರೆತ ನೀರು ಜಿನುಗಿ, ಕೋಶಗಳ ಗೋಡೆಯ ಅಚ್ಚು ಕೆಡದಂತೆ ಕಲ್ಲಾಗುತ್ತದೆ. ಗೋಡೆಗಳು ಸೆಲ್ಯುಲೋಸ್, ಲಿಗ್ನಿನ್‌ಗಳಿಂದ ಅಷ್ಟು ಗಟ್ಟಿಯಾಗಿರುವುದರಿಂದಲೇ ಇದು ಸಾಧ್ಯ. 1665ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ ಬಿರಡೆಯ ಚೂರಿನಲ್ಲಿ ಕಂಡು 'ಸೆಲ್' ಎಂದು ಹೆಸರಿಟ್ಟದ್ದೂ ಇಂಥ ಖಾಲಿ ಗೋಡೆಗಳನ್ನೇ. ಒಳಗಿನ ಜೀವ ಎಂದೋ ಹೋಗಿತ್ತು. "ಗೋಡೆ ಇದ್ದಿದ್ದಕ್ಕೆ ಮರ ಇಷ್ಟು ಎತ್ತರ ನಿಲ್ಲತ್ತೆ, ಗೋಡೆ ಇಲ್ಲದ್ದಕ್ಕೆ ನಾವು ಓಡಾಡ್ತೀವಿ" ಎಂದು ಪುಟ್ಟಿ ಪುಸ್ತಕದಲ್ಲಿ ಬರೆದುಕೊಂಡಳು.

ಕೊನೆಗೆ ಗಿಡ ಮಾರುವ ನರ್ಸರಿಗೆ ಹೋದೆವು. ವಯಸ್ಸಾದ ಮಾಲಿಯೊಬ್ಬರು ಮಣ್ಣು ಕಲಸುತ್ತಿದ್ದರು. ನನ್ನ ಪ್ರಶ್ನೆ ಕೇಳಿ ತಲೆ ಆಡಿಸಿದರು. "ನಲವತ್ತು ವರ್ಷದ ಗಿಡಾನ ಕಿತ್ರೆ ಉಳಿಯೋದು ಕಷ್ಟ ಸಾಮಿ. ಅದನ್ನ ಯಾಕೆ ಕೀಳ್ತೀರಾ? ಪೆನ್ಸಿಲ್ ಗಾತ್ರದ ಕಡ್ಡಿ ನಾಲ್ಕೈದು ಕತ್ತರಿಸ್ಕೊಳ್ಳಿ, ಗಿಣ್ಣಿನ ಕೆಳಗೆ ಓರೆಯಾಗಿ. ಕೆಳಗಿನ ಎಲೆ ತೆಗೆದು ಮರಳುಮಣ್ಣಲ್ಲಿ ನೆಡಿ. ಈಗ ಮಳೆಗಾಲ, ಬಂದೇ ಬರ್ತದೆ."

"ಅದು ಬೇರೆ ಗಿಡ ಆಗುವುದಿಲ್ಲವೇ?" ಎಂದೆ.

ಉತ್ತರ ಕೊಟ್ಟದ್ದು ಮೊಮ್ಮಗಳು. "ಇಲ್ಲ ತಾತ, ಬೀಜದಿಂದ ಬಂದರೆ ಬೇರೆ. ಕಡ್ಡಿ ಅಂದ್ರೆ ಅದೇ ಗಿಡ. ಅದೇ ಡಿಎನ್‌ಎ."

ನಾನು ಇದನ್ನು ನನ್ನ ಭಾಷೆಯಲ್ಲಿ ಅರ್ಥ ಮಾಡಿಕೊಂಡೆ. ಬ್ಯಾಂಕಿನಲ್ಲಿ ನಮ್ಮ ಶಾಖೆಯ ಲೆಡ್ಜರ್ ಮಾತ್ರ ನಮ್ಮ ಬಳಿ ಇರುತ್ತಿತ್ತು. ಜೀವಕೋಶಗಳಲ್ಲಿ ಹಾಗಲ್ಲ. ಎಲೆಯದಾಗಲಿ ಕೆನ್ನೆಯದಾಗಲಿ, ಹೆಚ್ಚುಕಡಿಮೆ ಪ್ರತಿಯೊಂದು ಕೋಶದ ಕೇಂದ್ರದಲ್ಲೂ ಇಡೀ ದೇಹದ ಲೆಡ್ಜರ್ ಇದೆ. ತನಗೆ ಬೇಕಾದ ಪುಟವನ್ನು ಮಾತ್ರ ತೆರೆದು ಕೆಲಸ ಮಾಡುತ್ತದೆ. ಕಡ್ಡಿ ಕತ್ತರಿಸಿದಾಗ, ಗಾಯದ ಹತ್ತಿರದ ಕೆಲವು ಕೋಶಗಳು ಹಳೆಯ ಕೆಲಸ ಬಿಟ್ಟು ಬೇರಿನ ಪುಟ ತೆರೆಯುತ್ತವೆ. 1958ರಲ್ಲಿ ಅಮೆರಿಕದ ಸ್ಟೀವರ್ಡ್ ಎಂಬ ವಿಜ್ಞಾನಿ ಕ್ಯಾರೆಟ್ಟಿನ ಕೋಶಗಳಿಂದಲೇ ಇಡೀ ಕ್ಯಾರೆಟ್ ಗಿಡ ಬೆಳೆಸಿ ತೋರಿಸಿದರು. ಇಂದು ನಮ್ಮ ರೈತರು ನೆಡುವ ಅಂಗಾಂಶ ಕೃಷಿಯ ಬಾಳೆಸಸಿಯೂ ಇದೇ ಜಾಣತನದಿಂದ ಬಂದದ್ದು. ನಮ್ಮಲ್ಲೂ ಲೆಡ್ಜರ್ ಪೂರ್ತಿ ಇದೆ, ಆದರೆ ಬಹುಪಾಲು ಪುಟಗಳಿಗೆ ಅರಗಿನ ಮುದ್ರೆ. ಹಲ್ಲಿಗೆ ಬಾಲ ಮತ್ತೆ ಬೆಳೆಯುತ್ತದೆ, ಬಾಲದಿಂದ ಹಲ್ಲಿ ಬೆಳೆಯುವುದಿಲ್ಲ. ಹೈಡ್ರಾದಂಥ ಕೆಲವು ಸಣ್ಣ ಜೀವಿಗಳಿಗಷ್ಟೇ ಆ ಭಾಗ್ಯ.

ಮರಳುವಾಗ ಪುಟ್ಟಿ ತನ್ನ ಪಟ್ಟಿ ಓದಿದಳು. ವ್ಯತ್ಯಾಸ ಮೂರು: ಗೋಡೆ, ಹಸಿರು ಕಣ, ದೊಡ್ಡ ರಸದಾನಿ. ಹೋಲಿಕೆ ಅದರ ಎರಡರಷ್ಟು. ನಾಲ್ಕನೇ ವ್ಯತ್ಯಾಸವಾಗಿ 'ಕಡ್ಡಿ ನೆಟ್ಟರೆ ಬರುತ್ತದೆ' ಎಂದು ಸೇರಿಸಿದ್ದಳು.

ಮರುದಿನವೇ ಐದು ಕಡ್ಡಿ ನೆಟ್ಟೆವು. ಎರಡು ಒಣಗಿದವು. ಮೂರು ಶ್ರಾವಣದ ಹೊತ್ತಿಗೆ ಚಿಗುರಿದವು. ಒಂದು ಮಗನ ಬಾಡಿಗೆ ಮನೆಯ ಬಾಲ್ಕನಿಯಲ್ಲಿದೆ, ಒಂದು ಮಗಳ ಮನೆಗೆ ಹೋಯಿತು. ಮೂರನೆಯದನ್ನು ನಾನೇ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಸಾಗರದ ಕಡೆಗೆ ಒಯ್ದೆ. ನನ್ನ ಹೆಂಡತಿ ಕಡ್ಡಿ ಮುರಿದು ತಂದಿದ್ದ ತಾಯಿಗಿಡ ಅವಳ ತವರಿನಲ್ಲಿ ಸತ್ತು ಎಷ್ಟೋ ವರ್ಷವಾಗಿತ್ತು. ಭಾವಮೈದ ಬಾವಿಕಟ್ಟೆಯ ಪಕ್ಕ, ಮೊದಲು ಅದು ಇದ್ದ ಜಾಗದಲ್ಲೇ, ಗುಂಡಿ ತೋಡಿಕೊಟ್ಟ.